ಬಲಗಡೆ ಹೂವು ಕೊಟ್ಟ ದೇವಿ ತೋಟವನ್ನು ಉಳಿಸಿಕೊಡಲಿಲ್ಲ: ಇನ್ನು ನಂಬುವುದು ಹೇಗೆ?

ಪ್ರಶ್ನೆ: ಕೊಪ್ಪ ತಾಲ್ಲೂಕಿನ ಅಡಿಕೆ ಬೆಳೆಗಾರ

ಎಲ್ಲರಿಗೂ ನಮಸ್ಕಾರ. ಇದನ್ನು ಬರೆಯಬೇಕೋ ಬೇಡವೋ ಎಂದು ಹದಿನೈದು ದಿನಗಳಿಂದ ಯೋಚಿಸುತ್ತಿದ್ದೇನೆ. ಮನೆಯಲ್ಲಿ ಈ ಮಾತೆತ್ತಿದರೆ ಅಮ್ಮ ನೊಂದುಕೊಳ್ಳುತ್ತಾರೆ, ಊರಿನಲ್ಲಿ ಎತ್ತಿದರೆ ಮಾತು ದೋಷ, ಪರಿಹಾರಗಳ ಕಡೆಗೆ ಹೊರಳುತ್ತದೆ. ಹಾಗಾಗಿ ನನ್ನ ಮುಖ ಕಾಣದವರ ಮುಂದೆ ಕೇಳುತ್ತಿದ್ದೇನೆ.

ನಾನು ಬೆಂಗಳೂರಿನ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಹನ್ನೊಂದು ವರ್ಷ ಕೆಲಸ ಮಾಡಿದವನು. ಅಪ್ಪನಿಗೆ ಲಕ್ವ ಹೊಡೆದು ಎಡಗೈಯ ಬಲ ಕುಗ್ಗಿದಾಗ, ಎರಡು ಎಕರೆ ಹಳೆಯ ತೋಟವನ್ನೂ ಅದರ ಪಕ್ಕದಲ್ಲಿ ಬೀಳು ಬಿದ್ದಿದ್ದ ಎರಡು ಎಕರೆ ಗದ್ದೆಯನ್ನೂ ನೋಡಿಕೊಳ್ಳುವವರು ಯಾರೂ ಇರಲಿಲ್ಲ. ಊರಿಗೆ ಮರಳುವ ಯೋಚನೆ ನನಗೂ ನನ್ನ ಹೆಂಡತಿಗೂ ಮೊದಲಿನಿಂದಲೇ ಇತ್ತು. ಆದರೆ ಕೆಲಸ ಬಿಡುವುದು ಸಣ್ಣ ಮಾತಲ್ಲವಾದ್ದರಿಂದ, ನಮ್ಮ ಮನೆತನದ ಪದ್ಧತಿಯಂತೆ ಗ್ರಾಮದೇವತೆಯ ಅಪ್ಪಣೆ ಕೇಳುವುದೆಂದು ತೀರ್ಮಾನವಾಯಿತು. 2017ರ ಮಾಘ ಮಾಸದ ಒಂದು ಬೆಳಗ್ಗೆ ಅಪ್ಪ, ಅಮ್ಮ, ನಾವಿಬ್ಬರು ದೇವಸ್ಥಾನಕ್ಕೆ ಹೋದೆವು. ನಮ್ಮ ತೋಟದ್ದೇ ಸಿಂಗಾರವನ್ನು, ಅಂದರೆ ಅಡಿಕೆಯ ಹೂಗೊಂಚಲನ್ನು, ಒಯ್ದಿದ್ದೆವು. ಅರ್ಚಕರು ಅದರ ಎಳೆಗಳನ್ನು ನೀರಿನಲ್ಲಿ ಅದ್ದಿ ದೇವಿಯ ಬಲಭುಜದ ಮೇಲೊಂದು, ಎಡಭುಜದ ಮೇಲೊಂದು ಇಟ್ಟು, ಅರಿಕೆ ಮಾಡಿ, ಬಾಗಿಲ ಪಕ್ಕಕ್ಕೆ ಸರಿದು ನಿಂತರು. ಬಲಗಡೆಯದು ಮೊದಲು ಬಿದ್ದರೆ ದೇವಿಯ ಒಪ್ಪಿಗೆ ಎಂದು ಅರ್ಥ. ಯಾರೂ ಮಾತನಾಡಲಿಲ್ಲ. ಎಣ್ಣೆದೀಪದ ಬೆಳಕಿನಲ್ಲಿ ಆ ಎರಡು ಬಿಳಿ ಎಳೆಗಳನ್ನೇ ನೋಡುತ್ತಾ ಎಷ್ಟು ಹೊತ್ತು ನಿಂತೆವೋ ತಿಳಿಯದು. ಬಲಗಡೆಯ ಎಳೆ ಮೆಲ್ಲಗೆ ಜಾರಿ ಪೀಠದ ಮೇಲೆ ಬಿತ್ತು. ಅಮ್ಮ ಅಳುತ್ತಾ ಕೈ ಮುಗಿದರು. ನಾನೂ ಅತ್ತೆ ಎಂದು ಹೇಳಲು ನನಗೆ ಸಂಕೋಚವಿಲ್ಲ.

2018ರಲ್ಲಿ ಊರಿಗೆ ಬಂದೆವು. ಹೆಂಡತಿ ಶಾಲೆಯ ಕೆಲಸ ಬಿಟ್ಟಳು. ಸೊಸೈಟಿಯಲ್ಲಿ ಸಾಲ ತೆಗೆದು, ಅದು ಸಾಕಾಗದೆ ಅವಳ ಒಡವೆಯನ್ನೂ ಅಡವಿಟ್ಟು, ಗದ್ದೆಗೆ ಬಸಿಗಾಲುವೆ ತೆಗೆಸಿ ಸಾವಿರದ ನೂರು ಅಡಿಕೆ ಸಸಿ ನೆಟ್ಟೆವು. ಆರನೆಯ ವರ್ಷಕ್ಕೆ ಫಸಲು, ಎಂಟನೆಯ ವರ್ಷಕ್ಕೆ ಸಾಲ ಮುಕ್ತಾಯ ಎಂದು ಅಪ್ಪ ಹಳೆಯ ಲೆಕ್ಕದ ಪುಸ್ತಕದ ಕೊನೆಯ ಹಾಳೆಯಲ್ಲಿ ನಡುಗುವ ಕೈಯಿಂದ ಬರೆದಿಟ್ಟರು. ಅವರು 2020ರಲ್ಲಿ ತೀರಿಕೊಂಡರು.

2022ರ ಮಳೆಗಾಲದಲ್ಲಿ ಎಲೆಚುಕ್ಕೆ ರೋಗ ನಮ್ಮ ಕಣಿವೆಗೆ ಇಳಿಯಿತು. ಮೊದಲು ಸೋಗೆಯ ಮೇಲೆ ಸಾಸಿವೆ ಕಾಳಿನಷ್ಟು ಕಂದು ಚುಕ್ಕೆ, ಅದರ ಸುತ್ತ ಹಳದಿ ಬಳೆ. ಕೆಲವೇ ವಾರಗಳಲ್ಲಿ ಚುಕ್ಕೆಗಳು ಒಂದಕ್ಕೊಂದು ಕೂಡಿಕೊಂಡು ಸೋಗೆ ಸುಟ್ಟಂತಾಯಿತು. ಹಳೆಯ ತೋಟದಲ್ಲಿ ಹದಿನಾರು ಕ್ವಿಂಟಾಲ್ ಆಗುತ್ತಿದ್ದ ಒಣ ಅಡಿಕೆ ಕಳೆದ ವರ್ಷ ಐದು ಕ್ವಿಂಟಾಲ್ ಆಯಿತು. ಹೊಸ ಗಿಡಗಳಲ್ಲಿ ಅರ್ಧದಷ್ಟು ಸುಳಿ ಕುಗ್ಗಿ ನಿಂತಿವೆ. ಔಷಧಿ ಹೊಡೆಸಿದೆವು, ರೋಗದ ಸೋಗೆ ಕಡಿದು ಸುಟ್ಟೆವು, ಗೊಬ್ಬರದಲ್ಲಿ ಕೊರತೆ ಮಾಡಲಿಲ್ಲ. ದೇವಿಯ ವಾರವನ್ನೂ ತಪ್ಪಿಸಲಿಲ್ಲ.

ನೆಂಟರಲ್ಲಿ ಕೆಲವರು ತೋಟ ಕಾಯುವ ದೈವ ಚೌಡಿಗೆ ನಡೆದುಕೊಂಡದ್ದು ಸಾಲದು ಎನ್ನುತ್ತಾರೆ, ಇನ್ನು ಕೆಲವರು ಜ್ಯೋತಿಷಿಗಳಲ್ಲಿ ಪ್ರಶ್ನೆ ಹಾಕಿಸು ಎನ್ನುತ್ತಾರೆ. ನನಗೆ ಬೇಕಾಗಿರುವುದು ಪರಿಹಾರವಲ್ಲ. ನಾನು ಮನಸ್ಸಿಗೆ ಬಂದಂತೆ ಹೊರಟವನಲ್ಲ, ಕೇಳಿ ಹೊರಟವನು. ಕೇಳದೆ ಹೊರಟು ಸೋತಿದ್ದರೆ ನನ್ನ ತಪ್ಪು ಎಂದು ಒಪ್ಪಿಕೊಂಡು ಸುಮ್ಮನಿರುತ್ತಿದ್ದೆ. ಕೇಳಿದ್ದಕ್ಕೆ ಹೌದು ಎಂದವಳೇ ಕೈಬಿಟ್ಟರೆ, ಅಂದು ಬಿದ್ದ ಹೂವು ಸುಳ್ಳೇ? ಅಥವಾ ದೇವರ ಮೇಲಿನ ನಂಬಿಕೆ ಎಂದು ನಾನು ತಿಳಿದುಕೊಂಡದ್ದೇ ಬೇರೆ ಏನೋ ಆಗಿತ್ತೇ? ಈಗಲೂ ಪ್ರತಿದಿನ ದೀಪ ಹಚ್ಚುತ್ತೇನೆ, ಆದರೆ ಹಚ್ಚುವಾಗ ಮನಸ್ಸಿನಲ್ಲಿ ಏನೂ ಇರುವುದಿಲ್ಲ. ಇಂಥದ್ದನ್ನು ದಾಟಿ ಬಂದವರು ಇದ್ದರೆ ದಯವಿಟ್ಟು ಹೇಳಿ.

ಉತ್ತರ 1: ತೀರ್ಥಹಳ್ಳಿಯ ಬೆಳೆಗಾರ

ನಾನು ಪೂಜೆ ಪುನಸ್ಕಾರಗಳಲ್ಲಿ ತೊಡಗಿದವನಲ್ಲ, ಆದ್ದರಿಂದ ನಿಮ್ಮ ಮುಖ್ಯ ಪ್ರಶ್ನೆಗೆ ಉತ್ತರಿಸುವ ಅಧಿಕಾರ ನನಗಿಲ್ಲ. ಆದರೆ ಒಂದು ಮಾತನ್ನು ಖಚಿತವಾಗಿ ಹೇಳಬಲ್ಲೆ. ಎಲೆಚುಕ್ಕೆ ಎಂಬುದು ಶಿಲೀಂಧ್ರದಿಂದ ಬರುವ ರೋಗ. ಮಳೆಹನಿ ಸಿಡಿದಂತೆ, ಗಾಳಿ ಬೀಸಿದಂತೆ ಅದರ ಕಣಗಳು ಮರದಿಂದ ಮರಕ್ಕೆ ಹೋಗುತ್ತವೆ. ಕಳಸ, ಶೃಂಗೇರಿ, ಕೊಪ್ಪ, ತೀರ್ಥಹಳ್ಳಿ, ಹೊಸನಗರ, ಈ ಉದ್ದಕ್ಕೂ ಆ ವರ್ಷ ಅಪ್ಪಣೆ ಕೇಳಿದವರ ತೋಟಕ್ಕೂ ಬಂತು, ಕೇಳದ ನನ್ನ ತೋಟಕ್ಕೂ ಬಂತು. ಚೌಡಿಗೆ ವರ್ಷ ತಪ್ಪದೆ ನಡೆದುಕೊಳ್ಳುವ ನನ್ನ ಪಕ್ಕದ ಮನೆಯವರ ತೋಟ ನಿಮ್ಮದಕ್ಕಿಂತ ಕೆಟ್ಟ ಸ್ಥಿತಿಯಲ್ಲಿದೆ. ನಿಮ್ಮ ಮನೆಯ ಯಾವುದೋ ಲೋಪಕ್ಕೆ ಇಡೀ ಮಲೆನಾಡಿಗೆ ರೋಗ ಬಂತೆಂದು ಹೇಳುವವರ ಮಾತನ್ನು ಮೊದಲು ಮನಸ್ಸಿನಿಂದ ತೆಗೆದುಹಾಕಿ.

ಇನ್ನೊಂದು ಮಾತು. ಹೊಸ ಗಿಡಗಳ ಸುಳಿ ಕುಗ್ಗಿದೆ ಎಂದಿದ್ದೀರಿ. ಎಲೆಚುಕ್ಕೆಯಲ್ಲಿ ಸಾಮಾನ್ಯವಾಗಿ ಕೆಳಗಿನ ಸೋಗೆ ಮೊದಲು ಕೆಡುತ್ತದೆ. ಸೋಗೆಯ ಗರಿಗಳು ತುದಿಯಿಂದ ಹಳದಿಯಾಗಿ, ಎಲೆಗಳು ಚಿಕ್ಕದಾಗಿ ಗುಂಪಾಗುತ್ತಿದ್ದರೆ ಅದು ಹಳದಿ ಎಲೆ ರೋಗವೂ ಆಗಿರಬಹುದು. ಶೃಂಗೇರಿ, ಕೊಪ್ಪದ ಕಡೆ ಅದು ದಶಕಗಳಿಂದ ಇದೆ, ಅದಕ್ಕೆ ಮದ್ದಿಲ್ಲ. ಎರಡರ ಆರೈಕೆಯ ದಾರಿ ಬೇರೆ ಬೇರೆ. ಮುಂದೆ ಒಂದು ರೂಪಾಯಿ ಖರ್ಚು ಮಾಡುವ ಮೊದಲು ಸೋಗೆಯ ಮಾದರಿಯನ್ನು ತೋಟಗಾರಿಕೆ ಇಲಾಖೆಯವರಿಗೋ ಸಂಶೋಧನಾ ಕೇಂದ್ರಕ್ಕೋ ತೋರಿಸಿ. ತೋಟದ ನಡುವೆ ಕಾಫಿ, ಕಾಳುಮೆಣಸು ಇದ್ದರೆ ಅದನ್ನು ಚೆನ್ನಾಗಿ ನೋಡಿಕೊಳ್ಳಿ. ನಮ್ಮ ಮನೆಯ ಒಲೆ ಈ ಎರಡು ವರ್ಷ ಉರಿದದ್ದು ಮೆಣಸಿನಿಂದಲೇ.

ಉತ್ತರ 2: ಅರ್ಚಕರ ಮನೆಯವನು, ಉತ್ತರ ಕನ್ನಡ

ನಿಮ್ಮ ಬರಹವನ್ನು ಮೂರು ಬಾರಿ ಓದಿದೆ. ನನ್ನ ತಂದೆಯವರು ಘಟ್ಟದ ಮೇಲಿನ ಒಂದು ಊರಿನ ದೇವಸ್ಥಾನದಲ್ಲಿ ನಲವತ್ತು ವರ್ಷಗಳಿಗೂ ಹೆಚ್ಚು ಕಾಲ ಹೀಗೆ ಹೂವಿಟ್ಟು ದೇವರ ಪ್ರಸಾದ ಕೇಳಿಸಿದವರು. ಬಾಲ್ಯದಲ್ಲಿ ಗರ್ಭಗುಡಿಯ ಹೊರಗೆ ಹೂವಿನ ಬುಟ್ಟಿ ಹಿಡಿದು ನಿಂತು ಅದನ್ನೆಲ್ಲ ನೋಡಿದ್ದೇನೆ, ಮುಂದೆ ಕೆಲವು ವರ್ಷ ನಾನೇ ಆ ಕೆಲಸವನ್ನೂ ಮಾಡಿದ್ದೇನೆ. ಆದ್ದರಿಂದ ಒಳಗಿನ ಮಾತನ್ನು ಹೇಳುತ್ತೇನೆ.

ಎಳೆಯನ್ನು ಹಿಡಿದು ನಿಲ್ಲಿಸುವುದು ನೀರಿನ ಪಸೆ ಮಾತ್ರ. ದೀಪದ ಕಾವಿಗೆ ಪಸೆ ಆರುತ್ತದೆ, ಎಳೆ ಹಿಡಿತ ಬಿಡುತ್ತದೆ. ಇದು ನನ್ನ ತಂದೆಗೂ ಗೊತ್ತಿತ್ತು, ನಿಮ್ಮೂರಿನ ಅರ್ಚಕರಿಗೂ ಗೊತ್ತಿರುತ್ತದೆ. ಹಾಗೆಂದು ಅವರು ಅದನ್ನು ಆಟವೆಂದು ಎಂದೂ ತಿಳಿಯಲಿಲ್ಲ. ಯಾವ ಕಾರಣದಿಂದ ಬಿದ್ದರೂ, ಬೀಳುವ ಮುನ್ನ ಮನುಷ್ಯ ತನ್ನ ಆಸೆಯನ್ನು ಕೈಯಿಂದ ಇಳಿಸಿ ಇನ್ನೊಬ್ಬರ ಪಾದದ ಬಳಿ ಇಟ್ಟಿರುತ್ತಾನಲ್ಲ, ಆ ಕೆಲವು ನಿಮಿಷಗಳೇ ಪೂಜೆ ಎಂದು ಅವರು ಹೇಳುತ್ತಿದ್ದರು. ಆ ನಿಮಿಷಗಳನ್ನು ನೀವು ಎಷ್ಟು ಸ್ಪಷ್ಟವಾಗಿ ನೆನಪಿಟ್ಟುಕೊಂಡಿದ್ದೀರಿ ಎಂಬುದು ನಿಮ್ಮ ಬರಹದಲ್ಲೇ ಕಾಣುತ್ತದೆ.

ಅವರು ಎಲ್ಲ ಪ್ರಶ್ನೆಗಳನ್ನೂ ದೇವರ ಮುಂದೆ ಇಡುತ್ತಿರಲಿಲ್ಲ. ಒಮ್ಮೆ ಒಬ್ಬ ತಾಯಿ, ಮಗನಿಗೆ ಹೊಟ್ಟೆಯ ಶಸ್ತ್ರಚಿಕಿತ್ಸೆ ಮಾಡಿಸಬಹುದೇ ಎಂದು ಕೇಳಿಸಲು ಬಂದರು. ತಂದೆ ಹೂವನ್ನು ಮುಟ್ಟಲಿಲ್ಲ. ‘ಅದನ್ನು ನೋಡಿ ಹೇಳಲು ದೇವರು ಡಾಕ್ಟರಿಗೆ ಕಣ್ಣು ಕೊಟ್ಟಿದ್ದಾನೆ, ನೀವು ಕುಂಕುಮ ತೆಗೆದುಕೊಂಡು ಆಸ್ಪತ್ರೆಗೆ ಹೋಗಿ’ ಎಂದು, ತಮ್ಮ ಪಂಚೆಯ ಗಂಟಿನಲ್ಲಿದ್ದ ದಕ್ಷಿಣೆಯ ಹಣವನ್ನು ಬಸ್ಸಿಗೆಂದು ಅವರ ಕೈಗಿಟ್ಟರು. ಆಸ್ತಿಯ ಜಗಳ, ಮತ್ತೊಬ್ಬರ ಕೇಡು, ಲಾಭನಷ್ಟದ ಲೆಕ್ಕ, ಇವುಗಳಿಗೂ ಹೂವು ಇಡುತ್ತಿರಲಿಲ್ಲ. ‘ಬೆಳೆ ಎಷ್ಟಾಗುತ್ತದೆ ಎಂದು ಕೇಳಬೇಡಿ, ಬಿತ್ತಲೇ ಎಂದು ಕೇಳಿ’ ಎಂದು ಬಂದವರ ಪ್ರಶ್ನೆಯನ್ನು ತಿದ್ದುತ್ತಿದ್ದರು. ಆಗ ನನಗೆ ಇದು ಮಾತಿನ ನಯ ಎಂದು ತೋರುತ್ತಿತ್ತು. ಅದರಲ್ಲಿ ಎಷ್ಟು ದೊಡ್ಡ ಅಂತರವಿದೆ ಎಂದು ತಿಳಿಯಲು ನಾನೇ ಐವತ್ತು ದಾಟಬೇಕಾಯಿತು.

ನೀವು ಬಳಸಿದ ಶಬ್ದವನ್ನೇ ನೋಡಿ. ಅಪ್ಪಣೆ ಎಂದಿದ್ದೀರಿ. ಮನೆಯಿಂದ ಹೊರಡುವಾಗ ಹಿರಿಯರ ಅಪ್ಪಣೆ ಕೇಳುತ್ತೇವೆ. ಅವರು ‘ಹೋಗಿ ಬಾ’ ಎನ್ನುತ್ತಾರೆ. ದಾರಿಯಲ್ಲಿ ಬಸ್ಸು ಕೆಟ್ಟರೆ, ಹೋದ ಕೆಲಸ ಆಗದಿದ್ದರೆ, ಅಜ್ಜಿ ಸುಳ್ಳು ಹೇಳಿದಳು ಎಂದು ಯಾರೂ ಹೇಳುವುದಿಲ್ಲ. ಹೋಗಿ ಬಾ ಎಂಬ ಮಾತಿನಲ್ಲಿ ಬಸ್ಸಿನ ಹೊಣೆ ಇರಲಿಲ್ಲ, ನಮ್ಮ ಮೇಲಿನ ಅಕ್ಕರೆ ಇತ್ತು. ರಾಮನ ಪಟ್ಟಾಭಿಷೇಕಕ್ಕೆ ಪುಷ್ಯ ನಕ್ಷತ್ರ ಗೊತ್ತಾಗಿತ್ತು, ವಸಿಷ್ಠರೇ ಮುಂದೆ ನಿಂತು ಸಿದ್ಧತೆ ಮಾಡಿಸಿದ್ದರು, ಅಯೋಧ್ಯೆಯ ಬೀದಿಗಳಿಗೆ ನೀರು ಚಿಮುಕಿಸಿ ಆಗಿತ್ತು. ಬೆಳಗಾದಾಗ ಅವನ ಪಾಲಿಗೆ ಬಂದದ್ದು ನಾರುಬಟ್ಟೆ. ಮುಹೂರ್ತ ತಪ್ಪಾಗಿತ್ತು ಎಂದು ರಾಮಾಯಣ ಎಲ್ಲಿಯೂ ಹೇಳುವುದಿಲ್ಲ, ವಸಿಷ್ಠರ ಮೇಲೆ ಯಾರೂ ದೂರು ಹೊರಿಸುವುದಿಲ್ಲ.

ಗೀತೆಯ ಹದಿನೆಂಟನೆಯ ಅಧ್ಯಾಯದಲ್ಲಿ ಒಂದು ಕೆಲಸ ನೆರವೇರಲು ಐದು ಕಾರಣಗಳನ್ನು ಹೇಳಿದ್ದಾರೆ. ಕೆಲಸ ನಡೆಯುವ ನೆಲೆ, ಮಾಡುವವನು, ಸಾಧನಗಳು, ಬಗೆಬಗೆಯ ಪ್ರಯತ್ನ, ಐದನೆಯದಾಗಿ ದೈವ. ನನ್ನ ಅಲ್ಪ ಬುದ್ಧಿಗೆ ತೋಚುವುದೇನೆಂದರೆ, ನಾವು ದೈವವನ್ನು ಮೊದಲನೆಯದಾಗಿಯೂ ಒಂದೇ ಕಾರಣವಾಗಿಯೂ ಇಟ್ಟುಕೊಂಡಾಗ ಸೋಲಿನ ಇಡೀ ಭಾರವನ್ನು ಅದರ ಮೇಲೆ ಹೇರುತ್ತೇವೆ. ಪೂರಾ ಕೈಬಿಟ್ಟಾಗ ಇಡೀ ಭಾರವನ್ನು ನಮ್ಮ ಹೆಗಲಿಗೆ ಎಳೆದುಕೊಳ್ಳುತ್ತೇವೆ. ನೀವು ಈಗ ಎರಡನ್ನೂ ಒಟ್ಟಿಗೆ ಹೊತ್ತಿದ್ದೀರಿ ಎಂದು ನನಗನ್ನಿಸಿತು.

ಇಷ್ಟು ಹೇಳಿದರೂ ನಿಮ್ಮ ಕಷ್ಟ ಹಗುರವಾಗುವುದಿಲ್ಲ ಎಂದು ಬಲ್ಲೆ. ಒಂದನ್ನು ಮಾತ್ರ ಕೇಳಬೇಕೆನಿಸುತ್ತದೆ. ಅಂದು ಅರ್ಚಕರು ದೇವಿಯ ಮುಂದೆ ಯಾವ ಮಾತಿನಲ್ಲಿ ಅರಿಕೆ ಮಾಡಿದರು? ಹೂವು ಬಲಕ್ಕೆ ಬಿತ್ತು ಎಂದು ಬರೆದಿದ್ದೀರಿ, ಕೇಳಿದ ಪ್ರಶ್ನೆಯನ್ನು ಬರೆದಿಲ್ಲ. ನೆನಪಿದ್ದರೆ, ಅಥವಾ ಮನೆಯಲ್ಲಿ ಯಾರಿಗಾದರೂ ನೆನಪಿದ್ದರೆ, ಅದನ್ನೊಮ್ಮೆ ತಿಳಿದುಕೊಳ್ಳಿ.

ಉತ್ತರ 3: ನಿವೃತ್ತ ಅಧ್ಯಾಪಕಿ, ಬಾಗಲಕೋಟೆ

ಮೇಲಿನ ಹಿರಿಯರ ಮಾತು ನನಗೆ ಬಹಳ ಹಿಡಿಸಿತು. ಆದರೂ ಐದು ಕಾರಣಗಳ ವಿಷಯದಲ್ಲಿ ನನ್ನ ಮನಸ್ಸು ಒಪ್ಪುವುದಿಲ್ಲ. ದೇವರನ್ನು ಐದನೆಯ ಪಾಲುದಾರನನ್ನಾಗಿ ಮಾಡಿದರೆ, ಬೆಳೆ ಬಂದಾಗ ಅವನ ಪಾಲು ಎಷ್ಟು, ಹೋದಾಗ ಎಷ್ಟು ಎಂಬ ಲೆಕ್ಕ ಮತ್ತೆ ಶುರುವಾಗುತ್ತದೆ. ನಾವು ಶರಣರ ದಾರಿಯಲ್ಲಿ ಬೆಳೆದವರು, ನಮ್ಮ ಮನೆಯಲ್ಲಿ ಹೂವು ಕೇಳುವ ಪದ್ಧತಿ ಇರಲಿಲ್ಲ. ಆದರೆ ಪ್ರಸಾದ ಎಂಬ ಶಬ್ದ ನಮಗೂ ದೊಡ್ಡದು, ಭಕ್ತನನ್ನು ಕಾಯುವ ಎಂಟು ರಕ್ಷೆಗಳೆನ್ನುವ ಅಷ್ಟಾವರಣಗಳಲ್ಲಿ ಅದೂ ಒಂದು. ಲಿಂಗಕ್ಕೆ ಅರ್ಪಿಸಿ ಕೈಗೆ ಮರಳಿ ಬಂದದ್ದು ಸಿಹಿಯಾದರೂ ಕಹಿಯಾದರೂ ಪ್ರಸಾದವೇ ಎಂದು ನಮ್ಮ ತಂದೆ ನಮಗೆ ಕಲಿಸಿದ್ದರು. ಊಟದ ತಟ್ಟೆಯ ಮುಂದೆ ಇದನ್ನು ಹೇಳುವುದು ಸುಲಭವಾಗಿತ್ತು.

ಆಲಮಟ್ಟಿಯ ಹಿನ್ನೀರಿಗೆ ಹಳೆಯ ಬಾಗಲಕೋಟೆಯ ಬಹುಭಾಗ ಹೋಯಿತು. ನಮ್ಮ ಮನೆಯೂ ಹೋಯಿತು. ತಂದೆ ಮೂವತ್ತು ವರ್ಷ ಕಿರಾಣಿ ಅಂಗಡಿ ನಡೆಸಿ, ಒಂದೊಂದೇ ಕೋಣೆ ಸೇರಿಸುತ್ತಾ ಕಟ್ಟಿಸಿದ ಮನೆ ಅದು. ಅಲ್ಲಿಯೇ ಕಣ್ಣು ಮುಚ್ಚಬೇಕೆಂಬುದೊಂದೇ ಅವರ ಬೇಡಿಕೆಯಾಗಿತ್ತು. ಗೋಡೆಯ ಮೇಲೆ ಸರ್ಕಾರದವರು ಬಣ್ಣದಲ್ಲಿ ಬರೆದುಹೋದ ಸಂಖ್ಯೆಯನ್ನು ಅವರು ದಿನಾ ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದರು, ಅದು ಹೋಗುತ್ತಿರಲಿಲ್ಲ. ಮನೆ ಬಿಡುವ ದಿನ ಬಾಗಿಲು, ಕಿಟಕಿ, ಹೊಸ್ತಿಲ ಕಟ್ಟಿಗೆಗಳನ್ನು ಚಕ್ಕಡಿಗೆ ಏರಿಸಿದೆವು. ಎಲ್ಲ ಮುಗಿದ ಮೇಲೆ ಅವರು ಬಾಗಿಲಿಲ್ಲದ ಪಡಸಾಲೆಯಲ್ಲಿ ಕುಳಿತು, ಕೊರಳಿನ ಇಷ್ಟಲಿಂಗವನ್ನು ಎಡ ಅಂಗೈಯಲ್ಲಿಟ್ಟುಕೊಂಡು ಎಂದಿನಂತೆ ಪೂಜೆ ಮಾಡಿದರು. ಅಂದು ಎಂದಿಗಿಂತ ಹೆಚ್ಚು ಹೊತ್ತು ಮಾಡಿದರು. ಎದ್ದು ಬರುವಾಗ ‘ಮನಿ ನೀರಿಗೆ ಹೋತು, ಇವ ನನ್ನ ಕೊರಳಾಗ ಇದ್ದಾನ’ ಎಂದರು. ಧ್ವನಿ ಒಡೆದಿತ್ತು. ಅವರು ದುಃಖವಿಲ್ಲದೆ ಹೇಳಿದರು ಎಂದು ದಯವಿಟ್ಟು ತಿಳಿಯಬೇಡಿ. ನವನಗರದ ಮನೆಯಲ್ಲಿ ಎಷ್ಟೋ ದಿನ ಅವರು ರಾತ್ರಿ ಎದ್ದು, ಹಳೆಯ ಮನೆಯಲ್ಲಿ ಬಚ್ಚಲು ಇದ್ದ ದಿಕ್ಕಿಗೆ ನಡೆದು ಗೋಡೆಗೆ ಹಾಯುತ್ತಿದ್ದರು.

ಕೂಡಲಸಂಗಮಕ್ಕೆ ಹೋದಾಗಲೆಲ್ಲ ನಾನು ಬಸವಣ್ಣನವರ ಐಕ್ಯಮಂಟಪಕ್ಕೆ ಇಳಿಯುತ್ತೇನೆ. ಹಿನ್ನೀರು ನುಗ್ಗದಂತೆ ಸುತ್ತ ಬಾವಿಯ ಹಾಗೆ ಗೋಡೆ ಎತ್ತಿದ್ದಾರೆ. ಮೆಟ್ಟಿಲಿಳಿಯುತ್ತಾ ಹೋದಂತೆ ಹೊರಗೆ ನದಿಯ ನೀರು ನಮ್ಮ ತಲೆಯ ಮಟ್ಟಕ್ಕಿಂತ ಮೇಲಿರುತ್ತದೆ, ಒಳಗೆ ಆ ಪುಟ್ಟ ಮಂಟಪ ತಣ್ಣಗೆ ನಿಂತಿರುತ್ತದೆ. ಅಲ್ಲಿ ಕುಳಿತಾಗ ನನಗೆ ಬರುವ ಯೋಚನೆ ಒಂದೇ. ಈ ಮಹಾನುಭಾವರ ಯೋಜನೆಯೂ ಅವರು ಎಣಿಸಿದಂತೆ ನಡೆಯಲಿಲ್ಲ. ಕಲ್ಯಾಣದಲ್ಲಿ ಅವರು ಕಟ್ಟಿದ ಸಮಾಜ, ಜಾತಿ ಮೀರಿ ನಡೆದ ಹರಳಯ್ಯ ಮಧುವರಸರ ಮಕ್ಕಳ ಮದುವೆಯ ನಂತರ ಕಣ್ಣೆದುರೇ ಒಡೆಯಿತು. ಆ ಇಬ್ಬರು ತಂದೆಯರಿಗೆ ಮರಣದಂಡನೆಯಾಯಿತು, ಶರಣರು ದಿಕ್ಕಾಪಾಲಾದರು, ಚೆನ್ನಬಸವಣ್ಣನವರು ಉಳವಿಯ ಕಾಡಿಗೆ ಹೋದರು, ಬಸವಣ್ಣನವರು ತಾವು ಬಾಲ್ಯದಲ್ಲಿ ಕಲಿತ ಸಂಗಮಕ್ಕೇ ಮರಳಿದರು. ಹನ್ನೆರಡನೆಯ ಶತಮಾನದ ಆ ಸೋಲಿನ ರಾತ್ರಿಗಳಲ್ಲಿ ಅವರು ಕೂಡಲಸಂಗಮದೇವನನ್ನು ಏನು ಕೇಳಿರಬಹುದು? ನಿಮ್ಮ ಪ್ರಶ್ನೆಯನ್ನೇ ಕೇಳಿರಬಹುದು ಎಂದು ನಾನು ನಂಬುತ್ತೇನೆ, ಮತ್ತು ಹಾಗೆ ನಂಬುವುದರಿಂದ ಅವರ ಮೇಲಿನ ನನ್ನ ಭಕ್ತಿ ಹೆಚ್ಚಾಗಿದೆ.

ದೀಪ ಹಚ್ಚುವಾಗ ಮನಸ್ಸಿನಲ್ಲಿ ಏನೂ ಇರುವುದಿಲ್ಲ ಎಂದು ಬರೆದಿದ್ದೀರಿ. ಹಚ್ಚುವುದನ್ನು ಬಿಡಬೇಡಿ, ತಮ್ಮಾ. ಮನಸ್ಸಿನಲ್ಲಿ ಬೇಡಿಕೆ ಇದ್ದಾಗ ಎಲ್ಲರೂ ಹಚ್ಚುತ್ತಾರೆ.

ಉತ್ತರ 4: ಶುಶ್ರೂಷಕಿ, ದಕ್ಷಿಣ ಕನ್ನಡ

ನಾನು ಕ್ರೈಸ್ತಳು, ಗುಣವಾಗದ ಕಾಯಿಲೆಯವರನ್ನು ನೋಡಿಕೊಳ್ಳುವ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ಚಿಕ್ಕದಾಗಿ ಎರಡು ಮಾತು ಹೇಳುತ್ತೇನೆ.

ನಮ್ಮ ಧರ್ಮಗ್ರಂಥದಲ್ಲಿ ಯೋಬನ ಕಥೆ ಇದೆ. ಆಸ್ತಿ, ಮಕ್ಕಳು, ಆರೋಗ್ಯ ಎಲ್ಲವನ್ನೂ ಕಳೆದುಕೊಂಡ ಅವನ ಬಳಿ ಮೂವರು ಸ್ನೇಹಿತರು ಬಂದು ಏಳು ಹಗಲು ಏಳು ರಾತ್ರಿ ಮಾತಿಲ್ಲದೆ ನೆಲದ ಮೇಲೆ ಕುಳಿತರು. ಅಲ್ಲಿಯವರೆಗೆ ಅವರು ಒಳ್ಳೆಯ ಸ್ನೇಹಿತರು. ಆಮೇಲೆ ಬಾಯಿ ತೆರೆದು, ನೀನು ಏನೋ ತಪ್ಪು ಮಾಡಿರಬೇಕು, ಇಲ್ಲವಾದರೆ ಹೀಗಾಗುತ್ತಿರಲಿಲ್ಲ ಎಂದು ವಾದಿಸಿದರು. ಯೋಬನು ದೇವರ ಮೇಲೆ ಸಿಟ್ಟಾದನು, ಜಗಳವಾಡಿದನು, ನನಗೆ ಉತ್ತರ ಕೊಡು ಎಂದು ಕೂಗಿದನು. ಕೊನೆಯಲ್ಲಿ ದೇವರು, ನನ್ನ ವಿಷಯವಾಗಿ ಸರಿಯಾಗಿ ಮಾತನಾಡಿದವನು ಯೋಬನೇ ಹೊರತು ಆ ಸ್ನೇಹಿತರಲ್ಲ ಎಂದು ಹೇಳುತ್ತಾನೆ. ಪರಿಹಾರ ಹೇಳುವ ನಿಮ್ಮ ನೆಂಟರ ಬಗ್ಗೆ ಓದಿದಾಗ ನನಗೆ ಇದು ನೆನಪಾಯಿತು. ಪ್ರಭು ಯೇಸು ಶಿಲುಬೆಯ ಮೇಲೆ ‘ನನ್ನ ದೇವರೇ, ಯಾಕೆ ನನ್ನನ್ನು ಕೈಬಿಟ್ಟಿದ್ದೀ’ ಎಂದು ಕೇಳಿದರು. ಅಂಥವರೇ ಕೇಳಿದ ಪ್ರಶ್ನೆಯನ್ನು ನೀವು ಕೇಳಿದರೆ ನಂಬಿಕೆ ಹೋಯಿತು ಎಂದು ಹೇಗೆ ಹೇಳುವುದು? ನಮ್ಮ ವಾರ್ಡಿನಲ್ಲಿ ರಾತ್ರಿ ಎರಡು ಗಂಟೆಗೆ ದೇವರನ್ನು ಬೈದವರು ಬೆಳಗ್ಗೆ ಜಪಮಾಲೆ ಎಲ್ಲಿಟ್ಟೆ ಎಂದು ನನ್ನನ್ನು ಕೇಳುತ್ತಾರೆ. ನಾನು ಅದನ್ನು ತೊಳೆದು ಒರೆಸಿ ಅವರ ಕೈಗೆ ಕೊಡುತ್ತೇನೆ.

ಎರಡನೆಯದು ನನ್ನ ವೃತ್ತಿಯ ಮಾತು. ಸಾಲ ಇದೆ, ತಂದೆಯವರನ್ನು ಕಳೆದುಕೊಂಡಿದ್ದೀರಿ, ಮನಸ್ಸಿನಲ್ಲಿ ಏನೂ ಇರುವುದಿಲ್ಲ ಎನ್ನುತ್ತೀರಿ. ನಿದ್ರೆ ಬಾರದೆ, ಊಟ ರುಚಿಸದೆ ವಾರಗಳು ಕಳೆಯುತ್ತಿದ್ದರೆ ದಯವಿಟ್ಟು ಒಬ್ಬ ವೈದ್ಯರ ಬಳಿ ಮಾತನಾಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತನಾಡುತ್ತಾರೆ. ನಿಮ್ಮ ಹೆಂಡತಿಗೂ ಈ ಸಂಖ್ಯೆಯನ್ನು ಕೊಡಿ. ಒಡವೆ ಕೊಟ್ಟವರು ಅವರು, ಕೆಲಸ ಬಿಟ್ಟವರು ಅವರು. ಅವರ ಮನಸ್ಸಿನಲ್ಲಿ ಏನಿದೆ ಎಂದು ನಿಮ್ಮ ಬರಹದಲ್ಲಿ ಒಂದು ಸಾಲೂ ಇಲ್ಲ.

ಪ್ರಶ್ನೆ ಕೇಳಿದವರ ಮರುನುಡಿ

ಉತ್ತರಿಸಿದ ನಾಲ್ವರಿಗೂ ಕೃತಜ್ಞನಾಗಿದ್ದೇನೆ. ತಕ್ಷಣ ಬರೆಯಲು ಆಗಲಿಲ್ಲ, ಅದಕ್ಕೆ ಕಾರಣವನ್ನು ಹೇಳುತ್ತೇನೆ.

ಶುಶ್ರೂಷಕಿಯವರೇ, ನಿಮ್ಮ ಕೊನೆಯ ವಾಕ್ಯವನ್ನು ಓದಿ ನಾನು ತಲೆ ತಗ್ಗಿಸಿದೆ. ಅಂದು ರಾತ್ರಿ ಹೆಂಡತಿಗೆ ಇಡೀ ಬರಹವನ್ನೂ ಉತ್ತರಗಳನ್ನೂ ಓದಲು ಕೊಟ್ಟೆ. ಓದಿ ಮುಗಿಸಿ ಅವಳು ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ, ಹತ್ತಿರದ ಶಾಲೆಯೊಂದರಲ್ಲಿ ಗಣಿತ ಕಲಿಸಲು ಕೇಳಿದ್ದಾರೆ, ನಿನಗೆ ಅವಮಾನವಾಗಬಹುದೆಂದು ಹೇಳಿರಲಿಲ್ಲ ಎಂದಳು. ಜೂನ್‌ನಿಂದ ಹೋಗುತ್ತಾಳೆ. ಮಾತು ಅಷ್ಟಕ್ಕೇ ನಿಲ್ಲಲಿಲ್ಲ, ಉಳಿದದ್ದು ನಮ್ಮಿಬ್ಬರಲ್ಲೇ ಇರಲಿ.

ಅರ್ಚಕರ ಮನೆಯವರೇ, ನಿಮ್ಮ ಪ್ರಶ್ನೆಗೆ ನನ್ನ ಬಳಿ ಉತ್ತರವಿರಲಿಲ್ಲ. ಅಂದು ನಾನು ಹಿಂದೆ ಕಂಬಕ್ಕೆ ಒರಗಿ ನಿಂತಿದ್ದೆ, ‘ತೋಟ ಕೈಹಿಡಿಯುತ್ತದೆಯೇ’ ಎಂದು ಮನಸ್ಸಿನಲ್ಲೇ ಕೇಳಿಕೊಳ್ಳುತ್ತಿದ್ದೆ, ಅರ್ಚಕರ ಅರಿಕೆಯೂ ಅದೇ ಎಂದು ಇಷ್ಟು ವರ್ಷ ತಿಳಿದಿದ್ದೆ. ಮೊನ್ನೆ ಅಂಗಳದಲ್ಲಿ ಅಡಿಕೆ ಹರವುತ್ತಿದ್ದ ಅಮ್ಮನನ್ನು ಕೇಳಿದೆ. ಅವರು ಕೈಯಲ್ಲಿದ್ದ ಅಡಿಕೆಯನ್ನು ಕೆಳಗಿಡದೆಯೇ ಹೇಳಿದರು: ‘ತೋಟದ ಮಾತು ಅವತ್ತು ಯಾರೆತ್ತಿದ್ರು? ಮಗ ಮನೆಗೆ ಬರ್ತೇನೆ ಅಂತಾನೆ, ಅವನನ್ನ ಕರ್ಕೊಳ್ಳಲಾ, ಬೇಡ ಅನ್ನಲಾ, ಅಂತ ನಿನ್ನ ಅಪ್ಪ ಕೇಳ್ಸಿದ್ದು. ನಮ್ಮಿಂದ ಹುಡುಗನ ಬದುಕು ಕೆಡಬಾರ್ದು ಅಂತ ಅವ್ರಿಗೆ ರಾತ್ರಿ ನಿದ್ದೆ ಇರ್ಲಿಲ್ಲ.’

ಅಪ್ಪ ನನ್ನೊಡನೆ ಕಳೆದದ್ದು ಎರಡು ವರ್ಷ. ಪ್ರತಿ ಸಂಜೆ ಅವರ ಎಡಗೈಯನ್ನು ನನ್ನ ಹೆಗಲ ಮೇಲಿಟ್ಟುಕೊಂಡು ತೋಟದ ಏರಿಯವರೆಗೆ ನಡೆಸುತ್ತಿದ್ದೆ. ಬಲಗೈಯ ಕೋಲಿನಿಂದ ಒಂದೊಂದು ಮರವನ್ನು ತಟ್ಟಿ, ಇದನ್ನು ಯಾವ ವರ್ಷ ನೆಟ್ಟದ್ದು, ಇದರ ಅಡಿಕೆಗೊನೆ ಯಾವ ತಿಂಗಳಿಗೆ ಬಲಿಯುತ್ತದೆ, ಇದಕ್ಕೆ ಯಾವ ಮಳೆಗಾಲದಲ್ಲಿ ಸಿಡಿಲು ಬಡಿದಿತ್ತು ಎಂದು ಹೇಳುತ್ತಿದ್ದರು. ನಾನು ಚಿಕ್ಕವನಿದ್ದಾಗ ಅವರು ನನ್ನೊಡನೆ ಅಷ್ಟು ಮಾತನಾಡಿದ್ದೇ ಇಲ್ಲ. 2020ರಲ್ಲಿ, ಊರೆಲ್ಲ ಬಾಗಿಲು ಹಾಕಿಕೊಂಡಿದ್ದ ದಿನಗಳಲ್ಲಿ ಅವರು ಹೋದರು. ಬೆಂಗಳೂರಿನಲ್ಲಿದ್ದಿದ್ದರೆ ನಾನು ಅವರ ಮುಖವನ್ನೂ ನೋಡುತ್ತಿರಲಿಲ್ಲ. ಇದು ನನಗೆ ಗೊತ್ತಿಲ್ಲದ ಸಂಗತಿಯಲ್ಲ, ಆದರೆ ಇದನ್ನೂ ಆ ಹೂವನ್ನೂ ಒಟ್ಟಿಗೆ ಇಟ್ಟು ನೋಡಿರಲಿಲ್ಲ.

ಇದರಿಂದ ಸಾಲ ತೀರುವುದಿಲ್ಲ, ಒಡವೆ ಬಿಡಿಸಿಕೊಳ್ಳಲು ಆಗುವುದಿಲ್ಲ, ಸುಳಿ ಕುಗ್ಗಿದ ಗಿಡಗಳನ್ನು ನೋಡಿದಾಗ ಹೊಟ್ಟೆಯಲ್ಲಿ ಏಳುವ ಸಂಕಟ ಇಂದು ಬೆಳಗ್ಗೆಯೂ ಎದ್ದಿತು. ಹೂವು ಸುಳ್ಳೇ ಎಂದು ಬರೆದ ಮಾತನ್ನು ಮಾತ್ರ ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದೇನೆ. ಬಾಗಲಕೋಟೆಯ ಅಕ್ಕನವರೇ, ದೀಪ ಬಿಟ್ಟಿಲ್ಲ. ನಿನ್ನೆ ಹಚ್ಚುವಾಗ ಅಪ್ಪನ ಕೋಲಿನ ಸದ್ದು ಮನಸ್ಸಿಗೆ ಬಂತು.

ತೀರ್ಥಹಳ್ಳಿಯವರು ಹೇಳಿದಂತೆ ನಾಳೆ ಸೋಗೆಯ ಮಾದರಿ ಒಯ್ಯುತ್ತಿದ್ದೇನೆ. ಹಳದಿ ಎಲೆ ರೋಗವೇ ಎಂದು ಗೊತ್ತಾದರೆ ಹೊಸ ತೋಟದ ಆ ಭಾಗದಲ್ಲಿ ಗಿಡ ತೆಗೆದು ಕಾಫಿ ಹಾಕುವುದೋ ಏನು ಎಂಬುದನ್ನು ಬೇರೆ ಪ್ರಶ್ನೆಯಾಗಿ ಕೇಳುತ್ತೇನೆ. ಅದನ್ನು ದೇವಿಯ ಮುಂದೆ ಇಡುವುದಿಲ್ಲ.